ದ್ವೀಪದ ಪುಟ್ಟ ಊರಿಗೆ ರಜೆಗೆ ಹೊರಟವರು ಮೊದಲು ಗಾಳಿಯನ್ನೂ ಉಬ್ಬರವನ್ನೂ ಕೇಳಿಕೊಳ್ಳಿ

ಯಾವ ತಿಂಗಳು ಹೋಗಲಿ? ಎಷ್ಟು ದಿನ ಇರಲಿ? ಎಲ್ಲಿ ಉಳಿಯಲಿ? ಉಷ್ಣವಲಯದ ದ್ವೀಪಗಳಿಗೆ ರಜೆಗೆ ಹೊರಡುವವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಈ ಮೂರಕ್ಕೂ ಉತ್ತರ ಕೊಡುವ ಇನ್ನೊಂದು ಪ್ರಶ್ನೆ ಮಾತ್ರ ಕೇಳದೆಯೇ ಉಳಿದುಬಿಡುತ್ತದೆ: ನಾನು ಹೋಗುವ ದಿನಗಳಲ್ಲಿ ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೀರು ಯಾವ ಹೊತ್ತಿಗೆ ಏರಿ ಯಾವ ಹೊತ್ತಿಗೆ ಇಳಿಯುತ್ತದೆ?

ದೊಡ್ಡ ನಗರದ ಪ್ರವಾಸಕ್ಕೆ ನೋಡಬೇಕಾದ ಸ್ಥಳಗಳ ಪಟ್ಟಿ ಸಾಕು. ದ್ವೀಪದ ಊರಿನಲ್ಲಿ ದೋಣಿ ಹೊರಡುವುದೂ ನೀವು ಈಜುವುದೂ ಅಂಗಡಿಗೆ ತರಕಾರಿ ಬರುವುದೂ ಸಮುದ್ರ ಒಪ್ಪಿದರೆ ಮಾತ್ರ. ಅದಕ್ಕೇ ಈ ಲೇಖನದಲ್ಲಿ ಸ್ಥಳಗಳ ಪಟ್ಟಿ ಕೊಟ್ಟಿಲ್ಲ. ಯಾವ ದ್ವೀಪಕ್ಕೆ ಹೊರಟರೂ ಉಪಯೋಗಕ್ಕೆ ಬರುವ ಕ್ರಮವನ್ನು ಹಂತ ಹಂತವಾಗಿ ಹೇಳಿದ್ದೇನೆ.

1. ತಿಂಗಳನ್ನೂ ಮಗ್ಗುಲನ್ನೂ ಒಟ್ಟಿಗೆ ಆರಿಸಿ

ಒಂದು ದೇಶಕ್ಕೆಲ್ಲ ಒಂದೇ ಮಳೆಗಾಲ ಎಂದುಕೊಳ್ಳುವುದು ಮೊದಲ ತಪ್ಪು. ಥಾಯ್ಲೆಂಡ್‌ನ ಫುಕೆಟ್ ಮತ್ತು ಸಮುಯಿ ದ್ವೀಪಗಳನ್ನು ನೋಡಿ. ಅಂಡಮಾನ್ ಸಮುದ್ರದ ಕಡೆ ಇರುವ ಫುಕೆಟ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಇನ್ನೊಂದು ಬದಿಯ ಕೊಲ್ಲಿಯಲ್ಲಿರುವ ಸಮುಯಿಗೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಒಂದೇ ದೇಶ, ಒಂದೇ ನವೆಂಬರ್, ಆದರೆ ಒಂದು ದ್ವೀಪದಲ್ಲಿ ಆಕಾಶ ತಿಳಿಯಾಗುತ್ತಿರುವಾಗ ಇನ್ನೊಂದರಲ್ಲಿ ರಸ್ತೆಗಳ ಮೇಲೆ ನೀರು ಹರಿಯುತ್ತಿರುತ್ತದೆ.

ಒಂದೇ ದ್ವೀಪದ ಎರಡು ಮಗ್ಗುಲುಗಳೂ ಬೇರೆಬೇರೆ. ಉಷ್ಣವಲಯದ ಬಹುಪಾಲು ಸಮುದ್ರದ ಮೇಲೆ ಪೂರ್ವ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತ ಬೆಟ್ಟಕ್ಕೆ ಬಡಿದ ಕಡೆ ಮಳೆ ಸುರಿಸುತ್ತದೆ, ಬೆಟ್ಟ ದಾಟಿದ ಮೇಲೆ ಒಣಗುತ್ತದೆ. ಹವಾಯಿಯ ದೊಡ್ಡ ದ್ವೀಪದಲ್ಲಿ ಗಾಳಿಗೆ ಎದುರಾಗಿರುವ ಹಿಲೋ ಪಟ್ಟಣಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಬೆಟ್ಟದ ಮರೆಯಲ್ಲಿರುವ ಕೋನಾ ಕರಾವಳಿ ಅದರ ಮುಂದೆ ಒಣನೆಲ. ಗಾಳಿಯ ಮರೆಯ ಬದಿಯಲ್ಲಿ ಸಾಮಾನ್ಯವಾಗಿ ನೀರು ಶಾಂತ, ಈಜಲು ಹಿತ. ಗಾಳಿಮುಖದ ಬದಿಯಲ್ಲಿ ಹಸಿರು ದಟ್ಟ, ಅಲೆ ದೊಡ್ಡದು, ಸೆಕೆ ಕಡಿಮೆ. ಮಕ್ಕಳೊಂದಿಗೆ ಹೊರಟವರು ಮರೆಯ ಬದಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಚಂಡಮಾರುತದ ಲೆಕ್ಕವನ್ನೂ ಹಾಕಿ. ಅಟ್ಲಾಂಟಿಕ್ ಮತ್ತು ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತಗಳ ಕಾಲ. ಸೆಪ್ಟೆಂಬರ್ ಅದರ ನೆತ್ತಿ. ದಕ್ಷಿಣದ ಅಂಚಿನಲ್ಲಿರುವ ಅರೂಬಾ, ಬೊನೇರ್, ಕ್ಯುರಸಾವ್ ದ್ವೀಪಗಳಿಗೆ ಈ ಹೊಡೆತ ಬೀಳುವುದು ಅಪರೂಪ. ಬಂಗಾಳ ಕೊಲ್ಲಿಯಲ್ಲಿ ಮುಂಗಾರಿಗೆ ಮುನ್ನ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಇನ್ನೊಮ್ಮೆ ಹೀಗೆ ಎರಡು ಕಾಲ. ಮಾರಿಷಸ್ ಇರುವ ದಕ್ಷಿಣ ಗೋಳಾರ್ಧದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಸಮಭಾಜಕ ವೃತ್ತದಿಂದ ಸುಮಾರು ಐದು ಡಿಗ್ರಿಯ ಒಳಗೆ ಚಂಡಮಾರುತ ಹುಟ್ಟುವುದು ತೀರಾ ಕಡಿಮೆ, ಏಕೆಂದರೆ ಅದನ್ನು ಸುತ್ತಿಸಬೇಕಾದ ಭೂಮಿಯ ತಿರುಗುವಿಕೆಯ ಪರಿಣಾಮ ಅಲ್ಲಿ ಬಲು ದುರ್ಬಲ.

ಕೆರಿಬಿಯನ್‌ಗೆ ಹೋಗುವವರಿಗೆ ಇನ್ನೊಂದು ಮಾತು. 2011ರಿಂದ ಈಚೆಗೆ ಸರ್ಗಾಸಮ್ ಎಂಬ ತೇಲುವ ಕಂದು ಪಾಚಿ ವಸಂತ ಮತ್ತು ಬೇಸಿಗೆಯಲ್ಲಿ ರಾಶಿರಾಶಿಯಾಗಿ ದಡಕ್ಕೆ ಬಂದು ಕೊಳೆಯುತ್ತಿದೆ. ಗಾಳಿಗೆ ಎದುರಾದ ತೀರಗಳಿಗೇ ಅದರ ಕಾಟ ಹೆಚ್ಚು. ಹೋಟೆಲ್‌ನ ಚಿತ್ರಗಳಲ್ಲಿ ಅದು ಕಾಣುವುದಿಲ್ಲ. ಕಾಯ್ದಿರಿಸುವ ಮೊದಲು ಹಿಂದಿನ ವರ್ಷ ಅದೇ ತಿಂಗಳಲ್ಲಿ ಅಲ್ಲಿದ್ದವರು ಹಾಕಿದ ಚಿತ್ರಗಳನ್ನು ಹುಡುಕಿ ನೋಡಿ.

2. ತಲುಪುವ ದಾರಿಯಲ್ಲಿ ಒಂದು ರಾತ್ರಿಯನ್ನು ಬಿಡುವಾಗಿಡಿ

ಎಲ್ಲ ಹಂತಗಳಲ್ಲಿ ಇದನ್ನೊಂದನ್ನು ಮಾತ್ರ ಎಂದಿಗೂ ಮೀರಬೇಡಿ. ದ್ವೀಪದಿಂದ ಹೊರಡುವ ದೋಣಿಯನ್ನೂ ಅದೇ ದಿನದ ದೂರದ ವಿಮಾನವನ್ನೂ ಒಂದಕ್ಕೊಂದು ಗಂಟು ಹಾಕಬೇಡಿ. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ. ವಿಮಾನ ನಿಮಗಾಗಿ ಕಾಯುವುದಿಲ್ಲ, ಎರಡನ್ನೂ ಬೇರೆಬೇರೆಯಾಗಿ ಕೊಂಡಿದ್ದರೆ ಹಣ ಮರಳಿ ಕೊಡುವ ಹೊಣೆ ಯಾರ ಮೇಲೂ ಇರುವುದಿಲ್ಲ. ಕೊನೆಯ ರಾತ್ರಿಯನ್ನು ವಿಮಾನ ನಿಲ್ದಾಣವಿರುವ ಕಡೆಯೇ ಕಳೆಯಿರಿ.

ದೋಣಿಗೆ ಬೆಳಗಿನ ಹೊತ್ತು ಒಳ್ಳೆಯದು. ನೆಲ ಕಾದಂತೆ ಸಮುದ್ರದ ಗಾಳಿ ಬಲಿಯುತ್ತದೆ, ಮಧ್ಯಾಹ್ನದ ನೀರು ಒರಟಾಗಿರುತ್ತದೆ. ಬೆಳಗಿನ ದೋಣಿ ರದ್ದಾದರೆ ಮಧ್ಯಾಹ್ನದ್ದಾದರೂ ಸಿಕ್ಕೀತು. ಕೊನೆಯ ದೋಣಿಯೇ ರದ್ದಾದರೆ ಆ ರಾತ್ರಿ ದೋಣಿ ನಿಲ್ಲುವ ಧಕ್ಕೆಯ ಬಳಿ ಕೊಠಡಿ ಹುಡುಕಬೇಕಾಗುತ್ತದೆ.

ಕಡಲ ಪ್ರಯಾಣದಲ್ಲಿ ಹೊಟ್ಟೆ ತೊಳಸುವವರು ಮಾತ್ರೆಯನ್ನು ದೋಣಿ ಹತ್ತುವ ಸುಮಾರು ಒಂದು ಗಂಟೆ ಮೊದಲೇ ನುಂಗಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ದೋಣಿಯ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಮೊಬೈಲ್ ಒಳಗಿಟ್ಟು ದಿಗಂತವನ್ನು ನೋಡುತ್ತಿರಿ.

ಕೊನೆಯ ಹಂತಕ್ಕೆ ಸಣ್ಣ ವಿಮಾನವಿದ್ದರೆ ಸಾಮಾನಿನ ತೂಕದ ಮಿತಿ ದೊಡ್ಡ ವಿಮಾನಕ್ಕಿಂತ ಕಡಿಮೆ. ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲ ಒಯ್ಯಿರಿ.

3. ಉಳಿಯುವ ಜಾಗಕ್ಕೆ ನಾಲ್ಕು ಪ್ರಶ್ನೆ

ಕೊಠಡಿ ಕಾಯ್ದಿರಿಸುವ ಮುನ್ನ ಇಷ್ಟನ್ನು ಕೇಳಿ. ಧಕ್ಕೆಯಿಂದ ಸಾಮಾನು ಹೊತ್ತು ನಡೆಯಬಹುದೇ? ಇಳಿತದ ವೇಳೆಯಲ್ಲಿ ಎದುರಿನ ಕಡಲಿನಲ್ಲಿ ಈಜಲು ನೀರು ಉಳಿಯುತ್ತದೆಯೇ? ವಿದ್ಯುತ್ ಹೋದರೆ ಜನರೇಟರ್ ಇದೆಯೇ? ಸ್ನಾನದ ನೀರು ಸಿಹಿಯೇ, ಸವಳೇ?

ನೀರಿನ ಪ್ರಶ್ನೆ ವಿಚಿತ್ರವೆನಿಸಬಹುದು. ಹವಳದ ತಗ್ಗು ದ್ವೀಪಗಳಲ್ಲಿ ನದಿಯಿಲ್ಲ. ನೆಲದೊಳಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಅತಿಯಾಗಿ ಸೇದಿದರೆ ಕೆಳಗಿನ ಉಪ್ಪು ಮೇಲೆ ಬಂದು ಬಾವಿಯೇ ಕೆಡುತ್ತದೆ. ನೀವು ಅರ್ಧ ಗಂಟೆ ಷವರ್ ಬಿಟ್ಟುಕೊಂಡು ನಿಂತರೆ ಖರ್ಚಾಗುವುದು ಆ ಊರಿನವರ ಕುಡಿಯುವ ನೀರು. ದಯವಿಟ್ಟು ನೆನಪಿಡಿ.

4. ಹಣ, ಕಾಗದಪತ್ರ, ವಿಮೆ

ಊರಿಗೆ ಒಂದೇ ಎಟಿಎಂ ಇರಬಹುದು, ವಾರಾಂತ್ಯದಲ್ಲಿ ಅದು ಬರಿದಾಗಲೂಬಹುದು. ಮೂರು ದಿನದ ಖರ್ಚಿಗೆ ಸಾಲುವಷ್ಟು ಸ್ಥಳೀಯ ನಗದನ್ನು, ಅದೂ ಚಿಕ್ಕ ನೋಟುಗಳಲ್ಲಿ, ದೊಡ್ಡ ಊರಿನಲ್ಲೇ ತೆಗೆದುಕೊಂಡು ಹೋಗಿ.

ಪ್ರಯಾಣ ವಿಮೆಯಲ್ಲಿ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂದು ನೋಡಿ. ದ್ವೀಪದಲ್ಲಿ ಇರುವುದು ಚಿಕ್ಕ ಆಸ್ಪತ್ರೆಯಷ್ಟೇ. ಮೂಳೆ ಮುರಿದರೂ ದೋಣಿಯಲ್ಲೋ ಹೆಲಿಕಾಪ್ಟರ್‌ನಲ್ಲೋ ಹೋಗಬೇಕಾಗುತ್ತದೆ. ವಿಮೆಯನ್ನು ಟಿಕೆಟ್ ಕೊಂಡ ದಿನವೇ ಮಾಡಿಸಿ. ಒಂದು ಚಂಡಮಾರುತಕ್ಕೆ ಹೆಸರಿಟ್ಟು ಘೋಷಿಸಿದ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತದ ನಷ್ಟವನ್ನು ತುಂಬಿಕೊಡುವುದಿಲ್ಲ.

ಸ್ಕೂಟರ್ ಬಾಡಿಗೆಗೆ ಪಡೆಯುವ ಯೋಚನೆಯಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ದೇಶದಲ್ಲಿಯೇ ಮಾಡಿಸಿಕೊಳ್ಳಬೇಕು. ಅದರಲ್ಲಿ ದ್ವಿಚಕ್ರ ವಾಹನಕ್ಕೆ ಅನುಮತಿ ಇರಬೇಕು. ಕಾರಿನದು ಮಾತ್ರ ಇದ್ದರೆ ಅಂಗಡಿಯವರು ಸ್ಕೂಟರ್ ಕೊಟ್ಟಾರು, ಅಪಘಾತವಾದರೆ ವಿಮೆಯವರು ಕೊಡುವುದಿಲ್ಲ. ಪಾಸ್‌ಪೋರ್ಟನ್ನು ಒತ್ತೆಯಾಗಿ ಇಡಬೇಡಿ, ನಗದು ಠೇವಣಿ ಕೇಳಿ. ಗಾಡಿಯ ಮೇಲೆ ಮೊದಲೇ ಇದ್ದ ಗೀರುಗಳನ್ನು ಅವರ ಎದುರಿಗೇ ವಿಡಿಯೋ ಮಾಡಿಕೊಳ್ಳಿ.

5. ಉಬ್ಬರ ಇಳಿತದ ವೇಳಾಪಟ್ಟಿ ಓದುವುದನ್ನು ಕಲಿಯಿರಿ

ಇಡೀ ರಜೆಯನ್ನು ಸರಾಗಗೊಳಿಸುವ ವಿದ್ಯೆ ಇದು, ಕಲಿಯಲು ಹತ್ತು ನಿಮಿಷ ಸಾಕು. ಬಂದರಿನ ಹೆಸರು ಕೊಟ್ಟು ಹುಡುಕಿದರೆ ಅಂತರ್ಜಾಲದಲ್ಲಿ ಉಚಿತ ವೇಳಾಪಟ್ಟಿ ಸಿಗುತ್ತದೆ. ಅದರಲ್ಲಿ ಪ್ರತಿ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಾಲುಗಳಿರುತ್ತವೆ: ಎರಡು ಉಬ್ಬರ, ಎರಡು ಇಳಿತ, ಪ್ರತಿಯೊಂದರ ಮುಂದೆ ನೀರಿನ ಎತ್ತರ ಮೀಟರ್‌ನಲ್ಲಿ. ಕೆಲವು ಕೊಲ್ಲಿಗಳಲ್ಲಿ ದಿನಕ್ಕೆ ಒಂದೇ ಉಬ್ಬರ ಬರುತ್ತದೆ, ಆಗ ಗಾಬರಿಯಾಗಬೇಡಿ.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನೀವು ತಲುಪಿದ ದಿನ ಬೆಳಗ್ಗೆ ಒಂಬತ್ತಕ್ಕೆ ತುಂಬಿದ ನೀರು ಐದು ದಿನ ಕಳೆದ ಮೇಲೆ ತುಂಬುವುದು ಮಧ್ಯಾಹ್ನ ಒಂದರ ಸುಮಾರಿಗೆ. ಮೊದಲ ದಿನ ಬೆಳಗ್ಗೆ ಸೊಗಸಾಗಿ ಈಜಿದ ಜಾಗದಲ್ಲಿ ವಾರದ ಕೊನೆಗೆ ಅದೇ ಹೊತ್ತಿಗೆ ಬರೀ ಕೆಸರೂ ಕಲ್ಲೂ ಕಂಡರೆ ಕಾರಣ ಇದೇ.

ಚಂದ್ರನನ್ನೂ ನೋಡಿ. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು, ಹಲವು ಕಡೆ ಅದಾದ ಒಂದೆರಡು ದಿನಕ್ಕೆ, ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸಣ್ಣದು, ಸೆಳೆತವೂ ಕಡಿಮೆ. ಊರಿನ ಜಾಗವೂ ಮುಖ್ಯ. ಕೆರಿಬಿಯನ್‌ನ ಬಹುಪಾಲು ತೀರಗಳಲ್ಲಿ ವ್ಯತ್ಯಾಸ ಅರ್ಧ ಮೀಟರ್ ಕೂಡ ಇರುವುದಿಲ್ಲ, ಅಲ್ಲಿಗೆ ಹೋಗುವವರು ಈ ಹಂತದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಜಾಂಜಿಬಾರ್‌ನ ಪೂರ್ವ ತೀರದಲ್ಲಾದರೆ ಇಳಿತದ ಹೊತ್ತಿಗೆ ಸಮುದ್ರ ನೂರಾರು ಮೀಟರ್ ಹಿಂದೆ ಸರಿದು, ಈಜಬೇಕೆಂದು ಬಂದವರು ಮರಳಿನ ಬಯಲನ್ನು ನೋಡುತ್ತ ಕೂರುತ್ತಾರೆ.

ಇದನ್ನು ಬಳಸುವ ಬಗೆ ಹೀಗೆ. ತಗ್ಗು ತೀರದಲ್ಲಿ ಈಜಲು ಉಬ್ಬರದ ಹಿಂದುಮುಂದಿನ ಎರಡೆರಡು ಗಂಟೆಗಳನ್ನು ಇಟ್ಟುಕೊಳ್ಳಿ. ಮುಖವಾಡ ಮತ್ತು ಉಸಿರು ಕೊಳವೆ ಹಾಕಿಕೊಂಡು ಹವಳ ನೋಡುವ ಸ್ನಾರ್ಕೆಲಿಂಗ್‌ಗೆ ಉಬ್ಬರ ತುಂಬಿ ನೀರು ಅಲುಗದೆ ನಿಲ್ಲುವ ಹೊತ್ತು ಅತ್ಯುತ್ತಮ: ಸೆಳೆತ ಕಡಿಮೆ, ನೀರು ತಿಳಿ, ಹೊಟ್ಟೆಯ ಕೆಳಗೆ ಹವಳ ತಾಗುವ ಭಯವೂ ಇಲ್ಲ. ಬಂಡೆಗಳ ನಡುವಿನ ಹೊಂಡಗಳಲ್ಲಿ ನಕ್ಷತ್ರಮೀನು, ಏಡಿ ನೋಡಬೇಕೆಂದರೆ ಇಳಿತಕ್ಕೆ ಒಂದು ಗಂಟೆ ಮೊದಲು ಹೊರಟು, ನೀರು ತಿರುಗಿದ ಕೂಡಲೇ ಮರಳಿ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನೀರು ಆರು ಗಂಟೆ ಒಂದೇ ವೇಗದಲ್ಲಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಹನ್ನೆರಡನೇ ಒಂದು ಭಾಗ ಮಾತ್ರ. ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. ಮರಳುದಿಬ್ಬದ ತುದಿಯಲ್ಲಿ ನಿಂತು ಇನ್ನೂ ಸಮಯವಿದೆ ಎಂದುಕೊಂಡಿದ್ದಾಗ ನನ್ನ ಬೆನ್ನ ಹಿಂದಿನ ತಗ್ಗು ಮೊಣಕಾಲಿನಿಂದ ಸೊಂಟದವರೆಗೆ ತುಂಬಿದ್ದನ್ನು ಒಮ್ಮೆ ಕಂಡಿದ್ದೇನೆ. ದಿಬ್ಬದ ತುದಿಯ ಮೇಲೆ ಕಣ್ಣಿಡುವುದಕ್ಕಿಂತ ಹಿಂದಿರುಗುವ ದಾರಿಯ ತಗ್ಗಿನ ಮೇಲೆ ಕಣ್ಣಿಡಿ.

6. ನೀರಿಗೆ ಇಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಲ್ಲಿ

ಅಲೆಗಳು ಎಲ್ಲಿ ಒಡೆಯುತ್ತಿವೆ, ಎಲ್ಲಿ ಒಡೆಯುತ್ತಿಲ್ಲ ಎಂದು ನೋಡಿ. ಎರಡೂ ಕಡೆ ಬಿಳಿ ನೊರೆ ಇದ್ದು ನಡುವೆ ಗಾಢ ಬಣ್ಣದ ನಯವಾದ ಓಣಿಯಂತೆ ಕಂಡರೆ ಅಲ್ಲಿಗೆ ಹೋಗಬೇಡಿ. ಹೊಸಬರಿಗೆ ಅದೇ ಶಾಂತ ಜಾಗದಂತೆ ಕಾಣುತ್ತದೆ. ದಡಕ್ಕೆ ಬಂದ ನೀರು ಮರಳಿ ಸಮುದ್ರಕ್ಕೆ ನುಗ್ಗುವ ದಾರಿ ಅದು. ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ.

ಸಿಕ್ಕಿಬಿದ್ದರೆ ದಡದ ಕಡೆ ಈಜಬೇಡಿ. ಅದು ನಿಮ್ಮನ್ನು ಒಳಗೆ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ಮುಳುಗಿಸುವುದು ಅದರ ವಿರುದ್ಧ ಸೆಣಸಿ ಬರುವ ಸುಸ್ತು. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಂದುಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಬಂದ ಮೇಲೆ ಅಲೆಯ ಜೊತೆ ಓರೆಯಾಗಿ ದಡಕ್ಕೆ ಬನ್ನಿ. ಆಗದಿದ್ದರೆ ತೇಲುತ್ತಲೇ ಕೈ ಎತ್ತಿ ಕೂಗಿ.

ಬಾವುಟಗಳ ಅರ್ಥ: ಕೆಂಪು ಮತ್ತು ಹಳದಿ ಎರಡೂ ಇರುವ ಬಾವುಟಗಳ ನಡುವೆ ಜೀವರಕ್ಷಕರ ಕಾವಲಿದೆ. ಕೆಂಪು ಎಂದರೆ ಅಪಾಯ. ನೇರಳೆ ಹಾರಿಸಿದ್ದರೆ ಜೆಲ್ಲಿ ಮೀನಿನಂತಹ ಕುಟುಕುವ ಜೀವಿಗಳಿವೆ. ಬಾವುಟವೇ ಇಲ್ಲದ ಖಾಲಿ ತೀರವನ್ನು ಸುರಕ್ಷಿತವೆಂದು ಭಾವಿಸಬೇಡಿ, ಅಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಎಂದಷ್ಟೇ ಅದರ ಅರ್ಥ.

ಕಲ್ಲು, ಹವಳವಿರುವ ಕಡೆ ಗಟ್ಟಿ ಅಡಿಯ ನೀರಿನ ಬೂಟು ಕಡ್ಡಾಯ. ಸ್ಟೋನ್‌ಫಿಶ್ ಎಂಬ ಮೀನು ಕಲ್ಲಿನಂತೆಯೇ ಬಿದ್ದಿರುತ್ತದೆ, ಅದರ ಬೆನ್ನಿನ ಮುಳ್ಳಿನಲ್ಲಿ ವಿಷ. ತುಳಿದರೆ ಚರ್ಮ ಸುಡದಷ್ಟು, ಅಂದರೆ ಸುಮಾರು 45 ಡಿಗ್ರಿಯ ಬಿಸಿನೀರಿನಲ್ಲಿ ಕಾಲನ್ನು ಇಟ್ಟುಕೊಂಡೇ ಆಸ್ಪತ್ರೆಯ ದಾರಿ ಹಿಡಿಯಿರಿ. ಬಿಸಿ ಆ ನೋವನ್ನು ತಗ್ಗಿಸುತ್ತದೆ. ಜೆಲ್ಲಿ ಮೀನು ಕುಟುಕಿದ ಜಾಗವನ್ನು ಮರಳಿನಿಂದ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಮೂತ್ರದ ಉಪಾಯವಂತೂ ಬೇಡವೇ ಬೇಡ. ಬಾಕ್ಸ್ ಜೆಲ್ಲಿ ಮೀನು ಇರುವ ತೀರಗಳಲ್ಲಿ ವಿನೆಗರ್ ಬಾಟಲಿ ಇಟ್ಟಿರುತ್ತಾರೆ, ಅದು ಆ ಜಾತಿಗೆ. ನೀಲಿ ಗುಳ್ಳೆಯಂತೆ ತೇಲುವ ಬ್ಲೂಬಾಟಲ್‌ಗೆ ಬಿಸಿನೀರೇ ಮೇಲು. ಎಲ್ಲಿ ಯಾವುದು ಇದೆ ಎಂದು ಜೀವರಕ್ಷಕರನ್ನು ಮೊದಲೇ ಕೇಳಿ. ಶಂಕುವಿನಾಕಾರದ ಚಿತ್ತಾರದ ಚಿಪ್ಪು ಎಷ್ಟೇ ಚೆಂದವಿದ್ದರೂ ಕೈಯಲ್ಲಿ ಎತ್ತಬೇಡಿ. ಒಳಗೆ ಜೀವವಿದ್ದರೆ ಅದರ ಕುಟುಕು ಮನುಷ್ಯನನ್ನು ಕೊಲ್ಲಬಲ್ಲದು.

ಹವಳದ ಮೇಲೆ ಮಾತ್ರ ಎಂದಿಗೂ ನಿಲ್ಲಬೇಡಿ. ಅದು ಬಂಡೆಯಲ್ಲ, ಜೀವಿ. ದುಂಡಗಿನ ದೊಡ್ಡ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತವೆ. ಒಂದು ಹೆಜ್ಜೆಗೆ ಮುರಿದದ್ದು ನಿಮ್ಮ ಮಕ್ಕಳು ದೊಡ್ಡವರಾಗಿ ಬಂದರೂ ತುಂಬಿರುವುದಿಲ್ಲ. ಹವಳ ಗೀರಿದ ಗಾಯವೂ ಬೇಗ ಕೀವಾಗುತ್ತದೆ, ಕೂಡಲೇ ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಿರಿ. ನೆನಪಿಗೆಂದು ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡರೆ ಹಲವು ದೇಶಗಳಲ್ಲಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ.

ಇನ್ನೊಂದು ಎಚ್ಚರಿಕೆ, ಬೇಕಾಗದಿರಲಿ. ನೆಲ ಜೋರಾಗಿ ಅಥವಾ ಬಹಳ ಹೊತ್ತು ನಡುಗಿದರೆ, ಇಲ್ಲವೇ ಇಳಿತದ ವೇಳೆಯಲ್ಲದಿದ್ದರೂ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸೈರನ್‌ಗೆ ಕಾಯದೆ ಎತ್ತರಕ್ಕೆ ಓಡಿ. ಇಂಡೋನೇಷ್ಯಾದ ಸಿಮೆಲೂ ದ್ವೀಪದವರು 1907ರ ಸುನಾಮಿಯ ನೆನಪನ್ನು ‘ಸ್ಮಾಂಗ್’ ಎಂಬ ಒಂದೇ ಪದದಲ್ಲಿ ಮಕ್ಕಳಿಗೆ ಮೊಮ್ಮಕ್ಕಳಿಗೆ ದಾಟಿಸಿದ್ದರು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದೂ ಆ ಪದವನ್ನು ಕೂಗುತ್ತ ಬೆಟ್ಟ ಹತ್ತಿದ ಅವರಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ. ಊರು ತಲುಪಿದ ದಿನವೇ ಎತ್ತರದ ದಾರಿ ಯಾವುದೆಂದು ನೋಡಿಟ್ಟುಕೊಳ್ಳಿ.

7. ಬಿಸಿಲು, ಸೊಳ್ಳೆ, ಮೀನು

ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವಷ್ಟು ಹೊತ್ತೂ ನೇರಳಾತೀತ ಕಿರಣ ತೀವ್ರ. ತೆಳುಮೋಡ ಅದನ್ನು ತಡೆಯುವುದಿಲ್ಲ. ಸ್ನಾರ್ಕೆಲಿಂಗ್‌ನಲ್ಲಿ ಸುಡುವುದು ಬೆನ್ನು ಮತ್ತು ಮೀನಖಂಡ, ಏಕೆಂದರೆ ಮುಖ ಕೆಳಗಿದ್ದು ಮೈ ತಣ್ಣಗಿರುವಾಗ ಬಿಸಿಲು ಗೊತ್ತಾಗುವುದೇ ಇಲ್ಲ. ತುಂಬುತೋಳಿನ ಈಜುಡುಗೆ ಧರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದ ಕಡೆಗೆ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ. ಹವಳಕ್ಕೆ ಹಾನಿಯೆಂದು ಪೆಸಿಫಿಕ್‌ನ ದ್ವೀಪದೇಶ ಪಲಾವು 2020ರಲ್ಲಿ, ಹವಾಯಿ 2021ರಲ್ಲಿ ಕೆಲವು ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ನಿಷೇಧಿಸಿವೆ. ಕೊಳ್ಳುವಾಗ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇಲ್ಲದ್ದನ್ನು, ಸತುವಿನ ಆಕ್ಸೈಡ್ ಇರುವುದನ್ನು ಆರಿಸಿ.

ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಸೊಳ್ಳೆಪರದೆ ಇದ್ದರೆ ಸಾಕೆಂಬ ಧೈರ್ಯ ಬೇಡ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ನಿವಾರಕ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ವೈದ್ಯರನ್ನು ಕಾಣಿ. ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ. ಡೆಂಗಿಯಾಗಿದ್ದರೆ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಮೀನು ತಿನ್ನುವವರು ಹವಳದ ದಿಬ್ಬದ ದೊಡ್ಡ ಬೇಟೆಮೀನುಗಳ ಬಗ್ಗೆ, ಮುಖ್ಯವಾಗಿ ಬರಾಕುಡಾ ಎಂಬ ಮೀನಿನ ಬಗ್ಗೆ ಎಚ್ಚರವಾಗಿರಿ. ಸಿಗ್ವಟೆರಾ ಎಂಬ ವಿಷ ಅವುಗಳ ಮಾಂಸದಲ್ಲಿ ಕೂಡಿಕೊಂಡಿರಬಹುದು. ಬೇಯಿಸಿದರೂ ಅದು ನಾಶವಾಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ.

8. ಊರಿನ ಲಯಕ್ಕೆ ನಿಮ್ಮ ದಿನವನ್ನು ಹೊಂದಿಸಿ

ದೊಡ್ಡ ವಿಹಾರ ಹಡಗುಗಳು ನಿಲ್ಲುವ ಊರಾದರೆ ಬಂದರಿನ ಹಡಗು ವೇಳಾಪಟ್ಟಿಯನ್ನು ಮೊದಲೇ ನೋಡಿ. ಎರಡು ಹಡಗು ಬಂದ ದಿನ ಸಾವಿರಾರು ಮಂದಿ ಒಟ್ಟಿಗೆ ಇಳಿಯುತ್ತಾರೆ, ಸಂಜೆಗೆ ಹೊರಟುಹೋಗುತ್ತಾರೆ. ಆ ದಿನ ಊರಿನ ಇನ್ನೊಂದು ತುದಿಗೆ ಹೋಗಿ, ಊರೊಳಗಿನ ತಿರುಗಾಟವನ್ನು ಹಡಗಿಲ್ಲದ ದಿನಕ್ಕೆ ಇಟ್ಟುಕೊಳ್ಳಿ. ಸರಕಿನ ದೋಣಿ ವಾರದ ಯಾವ ದಿನ ಬರುತ್ತದೆಂದು ಅಂಗಡಿಯವರನ್ನು ಕೇಳಿದರೆ ತಾಜಾ ಹಣ್ಣು ತರಕಾರಿ ಸಿಗುವ ದಿನ ಗೊತ್ತಾಗುತ್ತದೆ.

ಉಷ್ಣವಲಯದಲ್ಲಿ ಮುಸ್ಸಂಜೆ ಗಿಡ್ಡ. ಸೂರ್ಯ ಮುಳುಗಿ ಇಪ್ಪತ್ತೈದು ನಿಮಿಷಕ್ಕೆಲ್ಲ ಕತ್ತಲು. ಬೆಟ್ಟದ ಕಾಲುದಾರಿ ಹಿಡಿದವರು, ಸ್ಕೂಟರ್‌ನಲ್ಲಿ ದೂರ ಹೋದವರು ಸೂರ್ಯಾಸ್ತ ನೋಡಿ ಆಮೇಲೆ ಹೊರಡೋಣ ಎಂದುಕೊಳ್ಳಬೇಡಿ. ಬೆಳಕಿನ ಟಾರ್ಚ್ ಜೊತೆಗಿರಲಿ. ಕೆರಿಬಿಯನ್ ತೀರಗಳಲ್ಲಿ ಮಳೆ ಬಂದಾಗ ಸಿಕ್ಕ ಮರದ ಕೆಳಗೆ ನಿಲ್ಲಬೇಡಿ; ಮ್ಯಾಂಚಿನೀಲ್ ಮರದಿಂದ ತೊಟ್ಟಿಕ್ಕುವ ನೀರೂ ಚರ್ಮದ ಮೇಲೆ ಬೊಕ್ಕೆ ಎಬ್ಬಿಸುತ್ತದೆ, ಸೇಬಿನಂತಹ ಅದರ ಹಣ್ಣು ವಿಷ.

9. ಕೊನೆಯ ದಿನಗಳ ಕ್ರಮ

ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಮಾಡುವವರು ಅದನ್ನು ರಜೆಯ ಆರಂಭಕ್ಕೇ ಇಟ್ಟುಕೊಳ್ಳಿ. ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ವಿಮಾನ ಹತ್ತಿದರೆ ಗುಳ್ಳೆಗಳಾಗಿ ಕೀಲುಗಳಿಗೂ ನರಗಳಿಗೂ ಪೆಟ್ಟು ಕೊಡುತ್ತದೆ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಪೂರ್ತಿ ಒಂದು ದಿನ ಬಿಟ್ಟರೆ ಇನ್ನೂ ನೆಮ್ಮದಿ. ಎತ್ತರದ ಬೆಟ್ಟಕ್ಕೂ ಇದೇ ನಿಯಮ ಎಂಬುದು ಹಲವರಿಗೆ ತಿಳಿದಿಲ್ಲ. ಹವಾಯಿಯ ಮಾವಿ ದ್ವೀಪದಲ್ಲಿ ಬೆಳಗ್ಗೆ ಡೈವಿಂಗ್ ಮಾಡಿ ಸಂಜೆ 3,055 ಮೀಟರ್ ಎತ್ತರದ ಹಲೆಯಾಕಲಾ ಜ್ವಾಲಾಮುಖಿಗೆ ಕಾರಿನಲ್ಲಿ ಹೋಗುವುದೂ ಅಷ್ಟೇ ಅಪಾಯ. ಬೆಟ್ಟವನ್ನು ಮೊದಲು ಹತ್ತಿ ಬನ್ನಿ, ಆಮೇಲೆ ಡೈವಿಂಗ್, ಕೊನೆಯಲ್ಲಿ ಊರೊಳಗಿನ ನಿಧಾನದ ದಿನ. ಸ್ನಾರ್ಕೆಲಿಂಗ್‌ಗೆ ಈ ನಿರ್ಬಂಧವಿಲ್ಲ, ಹೊರಡುವ ದಿನದ ಬೆಳಗ್ಗೆಯೂ ಮಾಡಬಹುದು.

ಹೊರಡುವ ಹಿಂದಿನ ಸಂಜೆ ಧಕ್ಕೆಗೆ ನಡೆದುಹೋಗಿ ನಾಳೆಯ ಮೊದಲ ದೋಣಿ ಹೊರಡುವುದು ಖಚಿತವೇ ಎಂದು ಅಲ್ಲಿಯ ಕೆಲಸಗಾರರನ್ನೇ ಕೇಳಿ. ಗಾಳಿ ತಿರುಗುವುದು ಮೊದಲು ಗೊತ್ತಾಗುವುದು ಅವರಿಗೇ.